ಏಳು ಸಹಿ ಕೇಳುವವರಿಗೆ, ಒಬ್ಬಳೇ ಉಳಿದ ಖಜಾಂಚಿಯಿಂದ

ಮಾನ್ಯ ಸಂಘಗಳ ನೋಂದಣಾಧಿಕಾರಿಗಳೇ,

ನೀವು ಕಳಿಸಿದ ನೋಟಿಸು ತಲುಪಿದೆ. ನಮ್ಮ ಬೀದಿ ವರ್ತಕರ ಸಂಘಕ್ಕೆ ಮೂವತ್ತು ದಿನಗಳ ಗಡುವು ಕೊಟ್ಟಿದ್ದೀರಿ. ಅಷ್ಟರೊಳಗೆ ಕನಿಷ್ಠ ಏಳು ಸದಸ್ಯರು ಹಾಜರಿರುವ ಸರ್ವಸದಸ್ಯರ ಸಭೆ ನಡೆಸಿ, ಏಳು ಸಹಿಗಳಿರುವ ಠರಾವನ್ನು ಕಳಿಸಬೇಕಂತೆ. ತಪ್ಪಿದರೆ ಸಂಘವನ್ನು ನಿಷ್ಕ್ರಿಯವೆಂದು ಘೋಷಿಸಿ, ಬ್ಯಾಂಕಿನಲ್ಲಿರುವ ನಲವತ್ತೊಂದು ಸಾವಿರದ ಮುನ್ನೂರ ಹದಿನಾರು ರೂಪಾಯಿಗಳನ್ನು ಸರ್ಕಾರದ ಖಜಾನೆಗೆ ಸೇರಿಸಿಕೊಳ್ಳುತ್ತೀರಿ. ಜೊತೆಗೆ, ಹತ್ತೊಂಬತ್ತು ವರ್ಷಗಳ ಹಿಂದೆ ಒಬ್ಬ ಸದಸ್ಯರಿಗೆ ಕೊಟ್ಟು 'ವಸೂಲಾಗದೆ ಉಳಿದ' ಹದಿನಾಲ್ಕು ಸಾವಿರದ ಮುಂಗಡವನ್ನು ಬಡ್ಡಿಸಮೇತ ಖಜಾಂಚಿಯಾದ ನನ್ನಿಂದಲೇ ವಸೂಲು ಮಾಡುತ್ತೀರಿ. ಬಡ್ಡಿ ಸೇರಿ ನಲವತ್ತೈದು ಸಾವಿರದ ಒಂಬೈನೂರ ಇಪ್ಪತ್ತು. ನಾನೂ ಹಾಕಿ ನೋಡಿದೆ, ಸರಿಯಾಗಿದೆ. ನಿಮ್ಮ ಕಚೇರಿಯ ಗುಣಾಕಾರದ ಮೇಲೆ ನನ್ನದೇನೂ ದೂರಿಲ್ಲ.

ದೂರು ಇಷ್ಟೇ: ನಮ್ಮ ಸಂಘದಲ್ಲಿ ಈಗ ಇರುವುದು ಒಬ್ಬ ಸದಸ್ಯೆ. ಅದು ನಾನು. ಉಳಿದ ಆರು ಸಹಿಗಳನ್ನು ಎಲ್ಲಿಂದ ತರಲಿ?

ಇದೇ ಪ್ರಶ್ನೆಯನ್ನು ಎರಡು ಸಲ ಬರೆದು ನಿಮ್ಮ ಕಚೇರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಸ್ವೀಕೃತಿ ಚೀಟಿ ಮಾತ್ರ ಎರಡೂ ಸಲ ತಪ್ಪದೆ ಬಂತು, ಆ ಮಟ್ಟಿಗೆ ನಿಮ್ಮ ಕಚೇರಿ ಜೀವಂತವಾಗಿದೆ ಎಂದು ಗೊತ್ತಾಯಿತು. ಅದಕ್ಕೇ ಮೂರನೆಯ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಗಡುವಿಗೆ ಇನ್ನು ಐದು ದಿನ ಉಳಿದಿವೆ.

ನನ್ನದು ದರ್ಜಿಗಳ ಸಾಮಾನಿನ ಅಂಗಡಿ. ಗುಂಡಿ, ದಾರ, ಜಿಪ್ಪು, ಹುಕ್ಕು, ಕಾಲರಿನೊಳಗೆ ಇಡುವ ಬಿರುಸು ಬಟ್ಟೆ, ಇಂಥವು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಡ್ರಾಗಳಿವೆ. ಒಳಗೆ ಯಾವ ಗುಂಡಿ ಇದೆಯೆಂದು ತಿಳಿಯಲು ಪ್ರತಿ ಡ್ರಾದ ಮುಂದೆ ಅದರದೇ ಒಂದು ಗುಂಡಿಯನ್ನು ತಂತಿಯಿಂದ ಕಟ್ಟಿದ್ದೇವೆ. ಅಂಗಡಿ ನನ್ನ ಗಂಡನದಾಗಿತ್ತು. ಅವರು ತೀರಿಕೊಂಡಾಗ ನನಗೆ ಮೂವತ್ತಮೂರು. ಗಲ್ಲಾಪೆಟ್ಟಿಗೆಯ ಹಿಂದೆ ನಾನು ಕೂತ ಮೊದಲ ದಿನ, ಎದುರಿನ ಚಪ್ಪಲಿ ಅಂಗಡಿಯವರು ರಸ್ತೆ ದಾಟಿ ಬಂದು, ಒಂದು ಡಜನ್ ಬಿಳಿ ಗುಂಡಿ ಕೊಂಡುಕೊಂಡು ಹೋದರು. ಅವರ ಹಿಂದೆ ದಿನಸಿಯವರು ಬಂದರು, ಅವರಿಗೂ ಬಿಳಿ ಗುಂಡಿಯೇ ಬೇಕಿತ್ತು. ಸಂಜೆಯೊಳಗೆ ಹನ್ನೊಂದು ಜನ ಬಂದರು. ಇಡೀ ಬೀದಿಯ ಅಂಗಿಗಳ ಗುಂಡಿ ಒಂದೇ ದಿನ ಉದುರಿದ್ದು ಹೇಗೆ ಎಂದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನಮ್ಮ ಸಂಘ ಎಂದರೆ ಈ ಜನ. ಚಪ್ಪಲಿ ಅಂಗಡಿಯವರು ಅದರ ಮೊದಲ ಅಧ್ಯಕ್ಷರು. ಮೂವತ್ತೆಂಟು ಅಂಗಡಿ, ತಿಂಗಳಿಗೆ ತಲಾ ಇಪ್ಪತ್ತು ರೂಪಾಯಿ. ಮರುವರ್ಷ ಹಳೆಯ ಖಜಾಂಚಿ ಬಿಟ್ಟುಕೊಟ್ಟಾಗ, ಅಧ್ಯಕ್ಷರು ತುಂಬಿದ ಸಭೆಯಲ್ಲಿ ನನ್ನ ಕಡೆ ಕೈ ತೋರಿಸಿ, "ದಿನಾ ಗುಂಡಿ ಎಣಿಸೋರಿಗೆ ಕಾಸು ಎಣಿಸೋಕೆ ಬರಲ್ವಾ?" ಎಂದರು. ಎಲ್ಲರೂ ನಕ್ಕರು, ಕೈಯೆತ್ತಿದರು. ಇಪ್ಪತ್ತೇಳು ವರ್ಷವಾಯಿತು, ಆ ಎತ್ತಿದ ಕೈಗಳನ್ನು ಯಾರೂ ಇಳಿಸಿಲ್ಲ.

ನಗರಸಭೆಗೆ ರಸ್ತೆಯ ಗುಂಡಿ ಮುಚ್ಚಿಸಿ ಎಂದು ನಾನೇ ಅರ್ಜಿ ಬರೆದಿದ್ದೆ. ಅರ್ಜಿದಾರರ ವಿಳಾಸದಲ್ಲಿ 'ಗುಂಡಿ ಅಂಗಡಿ' ಎಂದಿದ್ದನ್ನು ನೋಡಿ ಅಲ್ಲಿಯ ಗುಮಾಸ್ತರೊಬ್ಬರು ಇದು ತಮಾಷೆಯ ಅರ್ಜಿ ಎಂದು ಎತ್ತಿಟ್ಟರಂತೆ. ಎರಡು ವರ್ಷ ಆ ಗುಂಡಿ ಹಾಗೇ ಇತ್ತು. ಕೊನೆಗೆ ಸಂಘದ ಹಣದಿಂದಲೇ ಜಲ್ಲಿ ತರಿಸಿ ಮುಚ್ಚಿದೆವು. 'ಗುಂಡಿ ವೆಚ್ಚ, ನಾನೂರ ಹತ್ತು' ಎಂದು ಬರೆದಾಗ, ಇದು ಯಾವ ಗುಂಡಿ ಎಂದು ಆ ವರ್ಷದ ಲೆಕ್ಕಪರಿಶೋಧಕರೂ ಕೇಳಿದ್ದರು.

ಮಾನ್ಯರೇ, ನೀವು ನೋಡಿದ್ದು ಕೊನೆಯ ಪುಟವನ್ನು. ಲೆಕ್ಕದ ಪುಸ್ತಕಗಳನ್ನು ಮೊದಲಿನಿಂದ ನೋಡಿದ್ದರೆ ಇನ್ನೊಂದು ವಿಷಯ ಕಾಣುತ್ತಿತ್ತು. ಮೊದಲ ವರ್ಷಗಳ ಖರ್ಚಿನ ತಲೆಬರಹಗಳು ಕಾವಲುಗಾರನ ಸಂಬಳ, ಬೀದಿದೀಪದ ಬಲ್ಬು, ಚರಂಡಿ, ಬಸ್ಸಿಗೆ ಕಾಯುವವರಿಗೆ ಕಲ್ಲುಬೆಂಚು. ಹತ್ತನೆಯ ವರ್ಷದ ಸುಮಾರಿಗೆ ಒಂದು ಹೊಸ ತಲೆಬರಹ ಬಂತು: 'ಬೀಳ್ಕೊಡುಗೆ'. ಅಂಗಡಿ ಮುಚ್ಚುವ ಸದಸ್ಯರಿಗೆ ಠೇವಣಿ ವಾಪಸು, ಎಲ್ಲರಿಗೂ ಚಹಾ, ಬಿಸ್ಕತ್ತು. ಮೊದಲ ವರ್ಷ ಒಂದೇ ಬೀಳ್ಕೊಡುಗೆ, ಅರವತ್ತೆಂಟು ರೂಪಾಯಿಯ ಚಹಾ. ರಸ್ತೆಯನ್ನು ಏಕಮುಖ ಮಾಡಿದ ವರ್ಷ ನಾಲ್ಕು. ಬಸ್ ನಿಲ್ದಾಣವನ್ನು ಆಚೆ ಬೀದಿಗೆ ಒಯ್ದ ವರ್ಷ ಒಂಬತ್ತು. ಆಮೇಲೆ ಎಡಗಡೆಯ ಸಾಲನ್ನೆಲ್ಲ ಒಬ್ಬರೇ ಕೊಂಡು ಕೆಡವಿ ದೊಡ್ಡ ಮಳಿಗೆ ಕಟ್ಟಿದ ವರ್ಷ, ಉಳಿದೆಲ್ಲ ಖರ್ಚುಗಳನ್ನು ಕೂಡಿಸಿದರೂ ಬೀಳ್ಕೊಡುಗೆಗೆ ಸಮವಾಗಲಿಲ್ಲ. ಚಹಾದ ಖರ್ಚು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ ನೋಡಿ. ಕುಡಿಯುವವರು ಕಡಿಮೆಯಾದರು. ಕೊನೆಯ ಬೀಳ್ಕೊಡುಗೆಯ ಚಹಾ ಎರಡೇ ಲೋಟ.

ಈಗ ಆ ಹದಿನಾಲ್ಕು ಸಾವಿರದ ವಿಷಯಕ್ಕೆ ಬರುತ್ತೇನೆ. ನಿಮ್ಮ ನೋಟಿಸಿನಲ್ಲಿ ಅದಕ್ಕೆ 'ಅಕ್ರಮ ಮುಂಗಡ' ಎಂಬ ಹೆಸರಿದೆ.

ನಮ್ಮ ಬೀದಿಯಲ್ಲೊಂದು ಸಣ್ಣ ಮುದ್ರಣಾಲಯವಿತ್ತು. ಮುದ್ರಕರು ಮಾತು ಕಡಿಮೆಯ ಮನುಷ್ಯ, ಅಚ್ಚಿನ ಮೊಳೆ ಜೋಡಿಸಿದ ಹಾಗೆ ಒಂದೊಂದೇ ಪದ ಹುಡುಕಿ ಆಡುವವರು. ಒಂದು ಮಧ್ಯಾಹ್ನ ಕೈಯೆಲ್ಲ ಮಸಿ, ಹಾಗೇ ಓಡಿಬಂದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತರು.

"ಅಪೆಂಡಿಕ್ಸ್ ಒಡೆದಿದೆಯಂತೆ. ಈಗಲೇ ಆಪರೇಷನ್ ಮಾಡ್ಬೇಕಂತೆ. ಹದಿನಾಲ್ಕು ಸಾವಿರ ಮುಂಚೆ ಕಟ್ಟಿ ಅಂತಾರೆ."

"ಯಾರಿಗೆ?"

"ನಮ್ಮನೇಲಿ," ಎಂದರು. ಅಷ್ಟು ಹೇಳಿ ಗಲ್ಲಾಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಬೆರಳುಗಳ ಮಸಿ ಇವತ್ತಿಗೂ ಮರದ ಮೇಲಿದೆ.

ವರ್ಷದ ಬಾಕಿ ಚಂದಾ ಎಲ್ಲ ವಸೂಲಾಗುವ ತಿಂಗಳು ಅದು. ಪೆಟ್ಟಿಗೆಯಲ್ಲಿ ಹದಿನೈದು ಸಾವಿರದ ಚಿಲ್ಲರೆ ಇತ್ತು. ನಿಯಮ ನನಗೆ ಬಾಯಿಪಾಠ: ಎರಡು ಸಾವಿರಕ್ಕೆ ಮೀರಿದ ಖರ್ಚಿಗೆ ಕಾರ್ಯಕಾರಿ ಸಮಿತಿಯ ಐದು ಜನರ ಸಹಿ ಬೇಕು. ನಾನು ವಹಿ ಹಿಡಿದುಕೊಂಡು ಬಿಸಿಲಿನಲ್ಲಿ ಅಂಗಡಿ ಅಂಗಡಿ ಸುತ್ತಿದೆ. ದಿನಸಿಯವರು ತಕ್ಕಡಿಯಲ್ಲಿ ಬೇಳೆ ಬಿಟ್ಟು ಸಹಿ ಹಾಕಿದರು. ದರ್ಜಿ ಹಾಕಿದರು. ಬೀಗ ರಿಪೇರಿಯವರು "ಎಷ್ಟು?" ಎಂದೂ ಕೇಳದೆ ಹಾಕಿದರು. ನನ್ನದೂ ಸೇರಿ ನಾಲ್ಕಾಯಿತು. ಬಟ್ಟೆ ಅಂಗಡಿಯವರು ಸರಕು ತರಲು ಪರವೂರಿಗೆ ಹೋಗಿದ್ದರು. ಸೈಕಲ್ ಅಂಗಡಿಯವರ ಬಾಗಿಲು ಹಾಕಿತ್ತು. ಅಧ್ಯಕ್ಷರಾದ ಚಪ್ಪಲಿ ಅಂಗಡಿಯವರು ನೆಂಟರ ಮದುವೆಗೆಂದು ಮೂರು ದಿನ ಊರಲ್ಲಿರಲಿಲ್ಲ. ಐದನೆಯ ಸಹಿ ಸಿಗುವವರೆಗೆ ಕಾಯಿರಿ ಎಂದು ಒಡೆದ ಅಪೆಂಡಿಕ್ಸಿಗೆ ಯಾರು ಹೇಳಬೇಕು, ಮಾನ್ಯರೇ? ನಾನು ಹಣ ಎಣಿಸಿಕೊಟ್ಟೆ. ಮುದ್ರಕರು ರಸೀದಿಗೆ ಸಹಿ ಹಾಕಿ ಓಡಿದರು. ಅವರ ಹೆಂಡತಿ ಬದುಕಿದರು.

ಮೂರನೆಯ ದಿನ ಊರಿಗೆ ಮರಳಿದ ಅಧ್ಯಕ್ಷರು ಬಸ್ಸಿನಿಂದಿಳಿದು ಸೀದಾ ನನ್ನ ಅಂಗಡಿಗೆ ಬಂದರು. ವಹಿ ತರಿಸಿಕೊಂಡು ಐದನೆಯ ಸಹಿ ಹಾಕಿ, ಕೆಳಗೆ ಆವತ್ತಿನ ತಾರೀಖನ್ನೇ ಬರೆದರು. "ಹಿಂದಿನ ತಾರೀಖು ಹಾಕಿಬಿಡಿ, ಯಾರಿಗೂ ತೊಂದರೆ ಇರಲ್ಲ," ಎಂದೆ ನಾನು. "ಇಲ್ಲದ ದಿನ ಇದ್ದೆ ಅಂತ ಹೇಗಮ್ಮ ಬರೆಯೋದು?" ಎಂದರು ಅವರು. ಅವರು ಮೂರು ದಿನ ಹಿಂದಿನ ತಾರೀಖು ಹಾಕಿ ಸುಳ್ಳು ಬರೆದಿದ್ದರೆ ಇಂದು ನಿಮ್ಮ ಕಡತದಲ್ಲಿ ಆ ಮುಂಗಡ ಸಕ್ರಮವಾಗಿರುತ್ತಿತ್ತು. ನಿಜ ಬರೆದದ್ದಕ್ಕೆ ಅಕ್ರಮವಾಯಿತು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಿಮ್ಮ ನೋಟಿಸಿನ ನಾಲ್ಕನೆಯ ಕಂಡಿಕೆಯಲ್ಲೇ ಹಾಗೆ ಇದೆ.

ಮುದ್ರಕರ ಹತ್ತಿರ ಹಣವಿರಲಿಲ್ಲ, ಯಂತ್ರವಿತ್ತು. ಒಂಬತ್ತು ವರ್ಷ ಅವರು ಇಡೀ ಬೀದಿಯ ಅಂಗಡಿಗಳ ಬಿಲ್ ಪುಸ್ತಕಗಳನ್ನೆಲ್ಲ ಪುಕ್ಕಟೆಯಾಗಿ ಅಚ್ಚು ಹಾಕಿಕೊಟ್ಟರು. ಸಾಕು ಎಂದರೂ ಕೇಳಲಿಲ್ಲ. ಸಾಯುವ ಹಿಂದಿನ ತಿಂಗಳೂ ದಿನಸಿಯವರಿಗೆ ಎರಡು ಕಟ್ಟು ಬಿಲ್ ಪುಸ್ತಕ ಕಳಿಸಿದ್ದರು. ನಾನು ಅದನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆದಿಟ್ಟೆ, ಆವತ್ತಿನ ದರದಲ್ಲಿ ಲೆಕ್ಕ ಹಾಕಿದರೆ ಇಪ್ಪತ್ತೊಂದು ಸಾವಿರ ದಾಟುತ್ತದೆ. ಆದರೆ ಬಿಲ್ ಪುಸ್ತಕಗಳು ಸೇರಿದ್ದು ಸದಸ್ಯರಿಗೆ, ಸಂಘಕ್ಕಲ್ಲ. ಮುಂಗಡ ಹೋದದ್ದು ಸಂಘದಿಂದ. ಆದ್ದರಿಂದ ಅದು ಮರುಪಾವತಿಯಲ್ಲ ಎಂದು ನಿಮ್ಮ ಲೆಕ್ಕಪರಿಶೋಧಕರು ಬರೆದಿದ್ದಾರೆ. ಸಂಘ ಬೇರೆ, ಸದಸ್ಯರು ಬೇರೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತಿದೆ. ಸದಸ್ಯರೆಲ್ಲ ಹೋದ ಮೇಲೂ ಸಂಘ ಇದೆಯಲ್ಲ.

ಕೊನೆಯವರೆಗೆ ಉಳಿದವರು ಬೀಗ ರಿಪೇರಿಯವರು ಮತ್ತು ನಾನು. ಬೀದಿಯವರೆಲ್ಲ ಅವರನ್ನು ತಮಾಷೆಗೆ 'ಬೀಗರು' ಎನ್ನುತ್ತಿದ್ದರು. ಬೀಗದ ಕೈ ಕಳೆದುಕೊಂಡ ಮನೆಯವರು "ಬೀಗರನ್ನ ಕರೀರಿ" ಎಂದರೆ, ಹೊಸಬರು ಗಂಡಿನ ಕಡೆಯವರು ಬರುತ್ತಾರೆಂದು ಕಾಯುತ್ತಿದ್ದರು. ನನಗೆ ಅವರು ಅಣ್ಣ. ಸದಸ್ಯರು ಹೋಗಿ ಹೋಗಿ ಇಬ್ಬರೇ ಆದ ಮೇಲೆ ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ ಮತ್ತು ಖಜಾಂಚಿ. ಸಂಘದ ಕೊಠಡಿಯ ಬಾಡಿಗೆ ಕಟ್ಟಲಾಗದೆ ಬಿಟ್ಟುಕೊಟ್ಟು, ಕುರ್ಚಿಗಳನ್ನು ನನ್ನ ಅಂಗಡಿಗೆ ತಂದಿಟ್ಟೆವು. ನಾಲ್ಕು ವರ್ಷ ನಾವಿಬ್ಬರೇ ವಾರ್ಷಿಕ ಸಭೆ ನಡೆಸಿದ್ದೇವೆ.

ಸಭೆಯಲ್ಲಿ ಅಣ್ಣ ಬಹಳ ಕಟ್ಟುನಿಟ್ಟು. ಅದಕ್ಕೆ ಮುಂಚೆ ನಾನು ತಂಗಿ, ಸಭೆ ಶುರುವಾದ ಮೇಲೆ 'ಖಜಾಂಚಿಗಳೇ'. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ನನ್ನ ಎದುರು ಕೂತು, "ಖಜಾಂಚಿಗಳು ಲೆಕ್ಕಪತ್ರ ಓದಬೇಕು," ಎನ್ನುವರು. ನಾನು ಪೈಸೆ ಬಿಡದೆ ಓದುವೆ. ಓದಿ ಮುಗಿದ ಮೇಲೆ ಅವರು ಖಾಲಿ ಕುರ್ಚಿಗಳ ಕಡೆ ತಿರುಗಿ, "ಯಾರದಾದ್ರೂ ಆಕ್ಷೇಪಣೆ ಇದ್ರೆ ಹೇಳಬಹುದು," ಎಂದು ಕೇಳಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನಿರುವರು.

"ಯಾಕಣ್ಣ ಇಷ್ಟು ಹೊತ್ತು ಕಾಯ್ತೀರಿ? ಇಲ್ಲಿ ಯಾರಿದ್ದಾರೆ?" ಎಂದೆ ಒಮ್ಮೆ.

"ಕೇಳೋ ಹಕ್ಕು ಅವರಿಗಿದೆಯಲ್ಲ ಖಜಾಂಚಿಗಳೇ. ಬಂದಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುತ್ತಾ?"

ಆಮೇಲೆ, "ಒಪ್ಪಿದೆ," ಎಂದು ಸಹಿ ಹಾಕುವರು. ಅವರದು ಒತ್ತಿ ಬರೆಯುವ ಕೈ, ಕೆಳಗಿನ ಎರಡು ಹಾಳೆಗಳ ಮೇಲೂ ಗುರುತು ಮೂಡುತ್ತಿತ್ತು.

ಐದನೆಯ ವರ್ಷದ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಬೀಗದ ಕಿಂಡಿ ಕಾಣದೆ ಎರಡು ಸಲ ಗಿರಾಕಿಯ ಬೀಗ ಕೆಡಿಸಿದರು. ಮಗಳ ಊರಿಗೆ ಹೊರಟರು. ಹಿಂದೆ ಹೇಳಿದ ಎರಡು ಲೋಟ ಚಹಾದ ಬೀಳ್ಕೊಡುಗೆ ಅದು. "ಸಭೆ ನೋಟಿಸು ಮರೀದೆ ಕಳ್ಸು, ರಿಜಿಸ್ಟರ್ ಅಂಚೇಲಿ. ನಿಯಮ ಅಂದ್ರೆ ನಿಯಮ," ಎಂದರು. ಮೊದಲ ವರ್ಷ ಕಳಿಸಿದೆ. ಬರಲಿಲ್ಲ, ಫೋನಿನಲ್ಲೇ ಲೆಕ್ಕ ಓದಿಸಿಕೊಂಡರು. ಎರಡನೆಯ ವರ್ಷವೂ ಹಾಗೇ. ಮೂರನೆಯ ವರ್ಷ ನಾನು ಕಳಿಸಿದ ಲಕೋಟೆಯೇ ಹಿಂದಿರುಗಿ ಬಂತು. ಅದರ ಮೇಲೆ ಅಂಚೆಯವರ ಕೆಂಪು ಶಾಯಿಯ ಅಕ್ಷರ: 'ವಿಳಾಸದಾರರು ಮೃತರಾಗಿದ್ದಾರೆ. ಕಳಿಸಿದವರಿಗೆ ವಾಪಸು.'

ನನಗೆ ಯಾರೂ ತಿಳಿಸಿರಲಿಲ್ಲ. ಅವರ ಮಗಳಿಗೆ ನನ್ನ ನಂಬರು ಗೊತ್ತಿರಲಿಕ್ಕಿಲ್ಲ, ಅವಳನ್ನು ದೂರುವುದಿಲ್ಲ. ಲಕೋಟೆ ಕೈಯಲ್ಲಿ ಹಿಡಿದು ಅಂಗಡಿಯಲ್ಲಿ ಕೂತಿದ್ದೆ. ಒಬ್ಬಾಕೆ ಬಂದು ರವಿಕೆಯ ಹುಕ್ಕು ಕೇಳಿದರು, ಕೊಟ್ಟೆ. ಇನ್ನೊಬ್ಬರು ನೀಲಿ ದಾರ ಕೇಳಿದರು, ಹಸಿರು ಕೊಟ್ಟೆನಂತೆ, ಮರುದಿನ ಬದಲಿಸಿಕೊಂಡು ಹೋದರು. ಸಂಜೆ ವಹಿ ತೆಗೆದು, 'ಅಂಚೆ ವೆಚ್ಚ, ಸಭಾ ನೋಟಿಸು, ಒಂದು' ಎಂದು ಬರೆದೆ. ಸತ್ತವರಿಗೆ ಸಂಘದಿಂದ ಸಂತಾಪ ಸೂಚಿಸಬೇಕಿತ್ತು. ಅದಕ್ಕೂ ಸಭೆ ಬೇಕು. ಸಂತಾಪವನ್ನು ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು.

ಇದು ಮೂರು ವರ್ಷದ ಹಿಂದಿನ ಮಾತು. ಅಂದಿನಿಂದ ನಾನೇ ಮೂರೂ ಜಾಗದಲ್ಲಿ ಸಹಿ ಹಾಕಿ ವಾರ್ಷಿಕ ವರದಿ ಕಳಿಸಿದ್ದೇನೆ. 'ಒಬ್ಬರೇ ವ್ಯಕ್ತಿ ಮೂರು ಹುದ್ದೆಗಳಲ್ಲಿ ಮುಂದುವರಿದಿರುವುದು ಸಂಶಯಾಸ್ಪದ' ಎಂದು ನೀವು ಬರೆದಿದ್ದೀರಿ. ಸಂಶಯ ಪಡಿ. ಆದರೆ ಮೂರು ವರ್ಷ ಆ ವರದಿಗಳನ್ನು ಸ್ವೀಕರಿಸಿ ಮೊಹರು ಒತ್ತುತ್ತಿದ್ದಾಗ ಸಂಶಯ ಎಲ್ಲಿ ಊಟಕ್ಕೆ ಹೋಗಿತ್ತು?

ನೋಟಿಸು ಬಂದ ಮರುದಿನ ನಿಮ್ಮ ಕಚೇರಿಗೆ ಬಂದಿದ್ದೆ. ಮೂರನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ಕಿಟಕಿಯ ಹಿಂದಿದ್ದ ಗುಮಾಸ್ತರು ಒಳ್ಳೆಯವರು, ಕುಡಿಯಲು ನೀರು ಕೊಟ್ಟರು.

"ಅಮ್ಮಾ, ಮುಚ್ಚೋದಾದ್ರೂ ಏಳು ಸಹಿ ಬೇಕು, ನಡೆಸೋದಾದ್ರೂ ಏಳು ಸಹಿ ಬೇಕು."

"ಇರೋದು ಒಬ್ಬಳೇ ಅಂದ್ರೆ?"

"ಒಬ್ಬರಿದ್ರೆ ಅದು ಸಂಘ ಅಲ್ಲ."

"ಸಂಘ ಅಲ್ಲ ಅಂದ್ಮೇಲೆ ನನಗೆ ನೋಟಿಸು ಯಾಕೆ?"

"ಕಡತದಲ್ಲಿ ಇದೆಯಲ್ಲಮ್ಮ," ಎಂದರು ಅವರು, ನೊಂದ ದನಿಯಲ್ಲಿ. ಆಮೇಲೆ ಮೆಲ್ಲಗೆ, "ಹೊಸ ಸದಸ್ಯರನ್ನ ಸೇರಿಸಿಕೊಂಡ್ರೆ ಎಲ್ಲ ಸರಿಹೋಗುತ್ತೆ," ಎಂದು ದಾರಿ ತೋರಿಸಿದರು.

ಆ ದಾರಿಯಲ್ಲೂ ನಡೆದು ನೋಡಿದೆ. ಬೀದಿಯಲ್ಲಿ ಈಗ ಇರುವುದು ಆ ದೊಡ್ಡ ಮಳಿಗೆ, ಎರಡು ಎಟಿಎಂ, ಒಂದು ವ್ಯಾಯಾಮ ಶಾಲೆ, ಕೊರಿಯರ್ ಗೋದಾಮು. ಮಳಿಗೆಯ ಮ್ಯಾನೇಜರ್ ನನ್ನನ್ನು ಕೂರಿಸಿ ಮಾತಾಡಿಸಿದ. "ಆಂಟಿ, ನನಗೇನೋ ಖುಷಿನೇ. ಆದ್ರೆ ಹೆಡ್ ಆಫೀಸು ಒಪ್ಪಬೇಕು. ಅದೂ ಅಲ್ದೆ ಮುಂದಿನ ತಿಂಗಳು ನಾನು ಇಲ್ಲಿ ಇರ್ತೀನೋ ಇಲ್ವೋ." ವ್ಯಾಯಾಮ ಶಾಲೆಯವನು ಸಂಘಕ್ಕೆ ಸೇರಿದರೆ ಏನು ರಿಯಾಯಿತಿ ಸಿಗುತ್ತದೆ ಎಂದು ಕೇಳಿದ. ಗೋದಾಮಿನ ಕಾವಲುಗಾರ ಮಾತ್ರ, "ನಾನು ಸೇರ್ತೀನಮ್ಮ, ಎಷ್ಟು ಕೊಡ್ಬೇಕು?" ಎಂದ. ಅವನಿಗೆ ಅಂಗಡಿ ಇಲ್ಲ, ನಿಯಮದ ಪ್ರಕಾರ ಸೇರಿಸಿಕೊಳ್ಳುವ ಹಾಗಿಲ್ಲ. ಎಟಿಎಂ ಯಂತ್ರಗಳನ್ನು ನಾನು ಕೇಳಲಿಲ್ಲ.

ಇಷ್ಟಾದರೂ ನಿಮ್ಮ ಆಜ್ಞೆಯಂತೆ ಸಭೆ ಕರೆದೆ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಕೊಟ್ಟೆ, ಆರುನೂರ ಐವತ್ತು ರೂಪಾಯಿ, ನನ್ನ ಸ್ವಂತದ್ದು. ಕಳೆದ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಕುರ್ಚಿಗಳನ್ನು ಒರೆಸಿ ಹಾಕಿಟ್ಟೆ. ಐದೂಕಾಲಿನವರೆಗೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, "ಅಕ್ಕ, ಸಭೆ ಇಲ್ಲೇನಾ?" ಎಂದರು. ಮುದ್ರಕರ ಹೆಂಡತಿ. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದ್ದರು. ಪ್ರಕಟಣೆಯಲ್ಲಿ ಹಳೆಯ ಮುಂಗಡದ ವಿಷಯ ಓದಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರು ಸದಸ್ಯೆಯಲ್ಲ, ಆದರೂ ಕೂರಿಸಿದೆ. ಅವರು ಕರವಸ್ತ್ರ ಬಿಚ್ಚಿ ಎರಡು ಬಳೆಗಳನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

"ಇಟ್ಕೊಳ್ಳಿ ಅಕ್ಕ. ನನ್ನ ದೆಸೆಯಿಂದ ನಿಮಗೆ ಇದೆಲ್ಲ."

"ಒಳಗೆ ಇಡಿ ಅದನ್ನ. ನಿಮ್ಮವರು ಯಾವತ್ತೋ ತೀರಿಸಿ ಆಗಿದೆ."

"ತೀರಿಸಿದ್ರೆ ಇವರು ಯಾಕೆ ಕೇಳ್ತಾರೆ?"

ನಾನು ವಿವರಿಸಿದೆ. ಐದನೆಯ ಸಹಿ, ಬಿಲ್ ಪುಸ್ತಕ, ಶೇಕಡಾ ಹನ್ನೆರಡರ ಬಡ್ಡಿ, ಹತ್ತೊಂಬತ್ತು ವರ್ಷ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಅಂದ್ರೆ, ನಾನು ಬದುಕಿದ್ದ ಅಷ್ಟೂ ವರ್ಷಕ್ಕೆ ಬಡ್ಡಿನಾ ಅಕ್ಕ?"

ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರವಿದ್ದರೆ ತಿಳಿಸಿ, ಅವರಿಗೆ ಮುಟ್ಟಿಸುತ್ತೇನೆ.

ಬಳೆಗಳನ್ನು ಅವರ ಕೈಗೇ ಹಾಕಿ, ಆಚೆ ಬೀದಿಯ ನಿಲ್ದಾಣದವರೆಗೆ ಹೋಗಿ ಬಸ್ಸು ಹತ್ತಿಸಿ ಬಂದೆ. "ಮತ್ತೆ ಬರ್ತೀನಿ ಅಕ್ಕ," ಎಂದರು. ಅವರ ಮಂಡಿ ಊದಿತ್ತು. ಬರಲಾರರು ಎಂದು ಇಬ್ಬರಿಗೂ ಗೊತ್ತಿತ್ತು. ನಡವಳಿ ಪುಸ್ತಕದಲ್ಲಿ ಬರೆದೆ: 'ಹಾಜರಿ, ಸದಸ್ಯರು ಒಂದು. ಕೋರಂ ಇಲ್ಲದ ಕಾರಣ ಸಭೆ ಬರಖಾಸ್ತು.'

ಇನ್ನು ಒಂದು ತಪ್ಪೊಪ್ಪಿಗೆ. ನಿಮ್ಮ ಅರ್ಜಿ ಈಗ ಕಂಪ್ಯೂಟರಿನಲ್ಲಿ ತುಂಬಬೇಕಾದದ್ದು. ಸೈಬರ್ ಅಂಗಡಿಯ ಹುಡುಗಿ ಹಾಜರಾದವರ ಸಂಖ್ಯೆ ಒಂದು ಎಂದು ಒತ್ತಿದಾಗಲೆಲ್ಲ ಪರದೆಯ ಚೌಕ ಕೆಂಪಾಯಿತು. "ಆಂಟಿ, ಏಳು ಅಂತ ಹಾಕಿ, ಸಹಿ ನೀವೇ ಮಾಡ್ಬಿಡಿ. ಯಾರು ನೋಡ್ತಾರೆ?" ಎಂದಳು ಅವಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಹುಶಃ ನಿಮ್ಮ ಗುಮಾಸ್ತರ ಮನಸ್ಸಿನಲ್ಲೂ ಅದೇ ಇತ್ತು.

ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೊಂದು ಬಿಳಿ ಹಾಳೆ ತೆಗೆದುಕೊಂಡೆ. ವರ್ಷಗಟ್ಟಲೆ ಆ ಸಹಿಗಳನ್ನು ನೋಡಿದವಳು, ಅವು ನನಗೆ ನನ್ನ ಕೈರೇಖೆಗಿಂತ ಚೆನ್ನಾಗಿ ಗೊತ್ತು. ಮೊದಲು ಚಪ್ಪಲಿ ಅಂಗಡಿಯವರದು ಹಾಕಿದೆ, ಕೊನೆಯಲ್ಲಿ ಬೆಕ್ಕಿನ ಬಾಲದಂಥ ಒಂದು ಎಳೆತ. ಅದರ ಕೆಳಗೆ ದಿನಸಿಯವರದು, ಆತುರದ ಎರಡೇ ಅಕ್ಷರ. ದರ್ಜಿಯದು ಕಚ್ಚಾ ಹೊಲಿಗೆಯ ಹಾಗೆ ಬಿಟ್ಟು ಬಿಟ್ಟು. ಸೈಕಲ್ ಅಂಗಡಿಯವರದು ಯಾವಾಗಲೂ ಗೆರೆಯಿಂದ ಕೆಳಗೆ ಜಾರುತ್ತಿತ್ತು, ಹಾಗೇ ಜಾರಿಸಿದೆ. ಮುದ್ರಕರದು ಬಿಡಿಬಿಡಿ ಅಕ್ಷರ. ಬೀಗರ ಸಹಿ ಹಾಕುವಾಗ ಪೆನ್ನನ್ನು ಒತ್ತಿ ಹಿಡಿಯಬೇಕಾಯಿತು. ಎಲ್ಲದರ ಕೊನೆಗೆ ನನ್ನದು. ಏಳಾಯಿತು.

ಮಾನ್ಯರೇ, ನಂಬುತ್ತೀರೋ ಇಲ್ಲವೋ, ಹಾಳೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅಂಗಡಿ ತುಂಬಿದೆ ಅನ್ನಿಸಿತು. ಚಪ್ಪಲಿ ಅಂಗಡಿಯವರು ಏನೋ ಚೇಷ್ಟೆ ಮಾತಾಡಿ ಎಲ್ಲರನ್ನೂ ನಗಿಸುತ್ತಿರುವ ಹಾಗೆ, ದಿನಸಿಯವರು ಬೇಗ ಮುಗಿಸಿ ಎಂದು ಗೊಣಗುವ ಹಾಗೆ. ಅದನ್ನು ಕಳಿಸಿಬಿಟ್ಟಿದ್ದರೆ ನಿಮ್ಮ ಚೌಕ ಹಸಿರಾಗುತ್ತಿತ್ತು, ನನ್ನ ತಲೆಯ ಮೇಲಿನ ಹೊರೆ ಇಳಿಯುತ್ತಿತ್ತು. ಆದರೆ ಇಲ್ಲದ ದಿನ ಇದ್ದೆ ಎಂದು ಬರೆಯದ ಮನುಷ್ಯನ ಸಹಿಯನ್ನು, ಅವರೇ ಇಲ್ಲದ ಕಾಲದಲ್ಲಿ, ನಾನು ಹೇಗೆ ಕಳಿಸಲಿ? ಹಾಳೆಯನ್ನು ಹರಿದೆ. ಹರಿಯುವುದಕ್ಕೆ ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಖೋಟಾ ಸಹಿಗೆ ಮೊಕದ್ದಮೆ ಹೂಡುವುದಿದ್ದರೆ ಸಾಕ್ಷಿಗೆ ಈ ಪತ್ರ ಸಾಕು.

ಈಗ ನನ್ನ ಬೇಡಿಕೆಗಳು. ಆ ಹದಿನಾಲ್ಕು ಸಾವಿರವನ್ನು ಮುದ್ರಕರು ತೀರಿಸಿದ್ದಾರೆ ಎಂದು ನಿಮ್ಮ ಕಡತದಲ್ಲಿ ದಾಖಲಾಗಬೇಕು. ನನ್ನ ಹಣ ಉಳಿಯಲಿ ಎಂದು ಕೇಳುತ್ತಿಲ್ಲ. ಆತ ಸಾಲಗಾರನಾಗಿ ಸತ್ತ ಎಂಬ ಮಾತನ್ನು ಆತನ ಹೆಂಡತಿ ಇನ್ನೊಮ್ಮೆ ಕೇಳಬಾರದು. ಉಳಿದ ನಲವತ್ತೊಂದು ಸಾವಿರದ ಮುನ್ನೂರ ಹದಿನಾರನ್ನು ಬೇಕಾದರೆ ಸರ್ಕಾರವೇ ತೆಗೆದುಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಚೆಯಲ್ಲಿ ಬೇಡ, ಬ್ಯಾಂಕಿಗೆ ಪತ್ರ ಬರೆದೂ ಬೇಡ. ಇಪ್ಪತ್ತೇಳು ವರ್ಷದಲ್ಲಿ ಲೆಕ್ಕ ಓದಿ ಒಪ್ಪಿಸದೆ ನಾನು ಒಂದು ವರ್ಷವನ್ನೂ ಮುಗಿಸಿದವಳಲ್ಲ, ಈ ಕೊನೆಯ ಮೂರನ್ನು ಬಿಟ್ಟು. ಆದ್ದರಿಂದ ನೀವು ಬನ್ನಿ. ನಿಮಗೆ ಬಿಡುವಿಲ್ಲದಿದ್ದರೆ ಆ ನೀರು ಕೊಟ್ಟ ಗುಮಾಸ್ತರನ್ನು ಕಳಿಸಿ. ಯಾರಾದರೂ ಒಬ್ಬರು ಎದುರಿಗೆ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾನು ಓದುವುದನ್ನು ಕೇಳಿ, ಒಪ್ಪಿದೆ ಎನ್ನಬೇಕು. ಒಪ್ಪಿಲ್ಲ ಎಂದರೂ ಸರಿಯೇ, ಅದನ್ನು ನನ್ನ ಮುಖ ನೋಡಿ ಹೇಳಲಿ. ಆಮೇಲೆ ಪುಸ್ತಕ, ಪಾಸ್‌ಬುಕ್ಕು, ಸಂಘದ ಮೊಹರು, ಎಲ್ಲವನ್ನೂ ಕೊಟ್ಟುಬಿಡುತ್ತೇನೆ.

ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಅಂಗಡಿಯಲ್ಲಿ ಇರುತ್ತೇನೆ, ಊಟಕ್ಕೂ ಬಾಗಿಲು ಹಾಕುವುದಿಲ್ಲ. ಮೆಟ್ಟಿಲುಗಳಿಲ್ಲ, ಹತ್ತುವ ಕಷ್ಟವಿಲ್ಲ. ಪೂರ್ತಿ ಓದಲು ಮೂರು ಗಂಟೆ ಹಿಡಿಯಬಹುದು. ನಡುವೆ ಗಿರಾಕಿ ಬಂದರೆ ಎದ್ದುಹೋಗಿ ಕೇಳಿದ್ದನ್ನು ಕೊಟ್ಟು ಬರುತ್ತೇನೆ, ಐದು ನಿಮಿಷಕ್ಕಿಂತ ಹೆಚ್ಚಾಗದು. ಅಷ್ಟು ಹೊತ್ತು ದಯವಿಟ್ಟು ಎದ್ದು ಹೋಗಬೇಡಿ.

ಇಂತಿ,
ಬೀದಿ ವರ್ತಕರ ಸಂಘದ ಸರ್ವಸದಸ್ಯರ ಪರವಾಗಿ,
ಸರ್ವಸದಸ್ಯೆ